ಎಂಜಿ ಮಿಡ್ಜೆಟ್ ತಗೋಬೇಕಾ, ಹೆರಾಲ್ಡ್ ಸಾಕಾ? ಬಜೆಟ್ 8 ಲಕ್ಷ

ಎರಡು ಬಾಗಿಲು (ರಾಜಾಜಿನಗರ):

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಎರಡು ವರ್ಷ ಆಯಿತು, ಕೇಳುತ್ತಿರುವುದು ಇದೇ ಮೊದಲು.

ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಇಟ್ಟುಕೊಳ್ಳಬೇಕು ಅನ್ನೋದು ಕಾಲೇಜು ದಿನಗಳ ಆಸೆ. ಹೋದ ತಿಂಗಳು ಮನೆ ಸಾಲ ತೀರಿತು. ಹೆಂಡತಿಯೂ ಒಪ್ಪಿದ್ದಾಳೆ. ಅವಳದು ಒಂದೇ ಷರತ್ತು: ರಿಪೇರಿಯೂ ಸೇರಿ 8 ಲಕ್ಷ ದಾಟಬಾರದು.

ಎರಡು ಕಾರು ಕಣ್ಣಮುಂದಿವೆ.

ಮೊದಲನೆಯದು 1968ರ ಎಂಜಿ ಮಿಡ್ಜೆಟ್, 1275 ಸಿಸಿ. ಚಿಕ್ಕಮಗಳೂರಿನ ಹತ್ತಿರ ಒಂದು ಕಾಫಿ ತೋಟದ ಗೋಡೌನಿನಲ್ಲಿ 14 ವರ್ಷದಿಂದ ಟಾರ್ಪಾಲು ಹೊದ್ದು ನಿಂತಿದೆ. ಕೆಂಪು ಬಣ್ಣ. ಎಂವೈ ಅಂತ ಶುರುವಾಗುವ ಹಳೇ ಮೈಸೂರು ನಂಬರ್. ಯಜಮಾನರು ತೀರಿಕೊಂಡಿದ್ದಾರೆ, ಮಗ ಮಾರುತ್ತಿದ್ದಾರೆ. ಆರೂವರೆ ಲಕ್ಷ ಹೇಳುತ್ತಿದ್ದಾರೆ. ಫ್ಯಾನ್ ಹಿಡಿದು ತಿರುಗಿಸಿದರೆ ಇಂಜಿನ್ ತಿರುಗುತ್ತದೆ.

ಎರಡನೆಯದು ಜಯನಗರದಲ್ಲಿದೆ. 1966ರ ಸ್ಟ್ಯಾಂಡರ್ಡ್ ಹೆರಾಲ್ಡ್, ಎರಡು ಬಾಗಿಲಿನದು. ಓಡುತ್ತಿದೆ. ಆದರೆ ಯಾರೋ ಮೇಲಿನ ರೂಫ್ ತೆಗೆದು ಬಟ್ಟೆ ಟಾಪ್ ಹಾಕಿಸಿದ್ದಾರೆ. ಎರಡೂ ಕಾಲು ಲಕ್ಷ ಕೇಳುತ್ತಿದ್ದಾರೆ.

ಮನಸ್ಸೆಲ್ಲ ಮಿಡ್ಜೆಟ್ ಮೇಲೆ. ಬೆಂಗಳೂರಿನಲ್ಲಿ ಇಂಥ ಕಾರನ್ನು ಸಾಕೋದಕ್ಕೆ ಆಗುತ್ತಾ? ಸ್ಪೇರ್ ಸಿಗುತ್ತಾ? ನನಗೆ ಸ್ಪ್ಯಾನರ್ ಹಿಡಿದು ಅಭ್ಯಾಸವಿಲ್ಲ, ಕಲಿಯೋಕೆ ಮನಸ್ಸಿದೆ. ಮುಂದಿನ ಶನಿವಾರ ಚಿಕ್ಕಮಗಳೂರಿಗೆ ಹೋಗುತ್ತಿದ್ದೇನೆ. ಏನು ನೋಡಬೇಕು ಅಂತ ದಯವಿಟ್ಟು ಹೇಳಿ.

ಟೂಲ್‌ರೂಮ್ (ಜಾಲಹಳ್ಳಿ):

ನಮಸ್ಕಾರ. ನಾನು ಎಚ್‌ಎಂಟಿ ಟೂಲ್ ರೂಮಿನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. 1994ರಿಂದ ನನ್ನ ಹತ್ತಿರ ಒಂದು ಹೆರಾಲ್ಡ್ ಇದೆ. ಗೆಳೆಯರೊಬ್ಬರ ಮಿಡ್ಜೆಟ್ಟನ್ನೂ ಎಂಟು ವರ್ಷ ನೋಡಿಕೊಂಡಿದ್ದೆ. ನೀವು ಹೇಳಿದ ಎರಡೂ ಕಾರುಗಳ ಹೊಟ್ಟೆಯೊಳಗೆ ಕೈ ಹಾಕಿದ್ದೇನೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲ ಮಾತು. ಕಾರು ನೋಡೋಕೆ ಹೋದಾಗ ಇಂಜಿನ್ನನ್ನು ಕೊನೆಗೆ ನೋಡಿ. ನೀವು ಕೊಳ್ಳುವುದು ತಗಡು ಮತ್ತು ಕಾಗದ. ಇಂಜಿನ್ ಎಷ್ಟೇ ಕೆಟ್ಟಿರಲಿ, ಈ ಊರಿನಲ್ಲಿ ಸರಿ ಮಾಡಬಹುದು. ಬೋರ್ ಮಾಡಿಸೋದು, ಕ್ರ್ಯಾಂಕ್ ಗ್ರೈಂಡ್ ಮಾಡಿಸೋದು, ಬ್ರೇಕ್ ಸಿಲಿಂಡರಿಗೆ ಸ್ಲೀವ್ ಹಾಕಿಸೋದು, ಇಷ್ಟಕ್ಕೂ ಪೀಣ್ಯದಲ್ಲಿ ಕೈಗಳಿವೆ. ಕೊಳೆತ ತಗಡಿಗೆ ಮಾತ್ರ ಹಾಗಿಲ್ಲ. ಅಳತೆ ತಪ್ಪದಂತೆ ಅದನ್ನು ಕತ್ತರಿಸಿ ಹೊಸದು ಕೂರಿಸುವವರು ಬಹಳ ಕಡಿಮೆ. ಸಿಕ್ಕರೂ ಅವರು ಕೇಳುವ ಕೂಲಿ ನ್ಯಾಯವಾದದ್ದೇ. ತಿಂಗಳುಗಟ್ಟಲೆ ಕೆಲಸ ಅದು.

ಮಿಡ್ಜೆಟ್ಟಿಗೆ ಬೇರೆ ಚಾಸಿ, ಅಂದರೆ ಬಾಡಿಯನ್ನು ಹೊರುವ ಉಕ್ಕಿನ ಚೌಕಟ್ಟು, ಇಲ್ಲ. ಬಾಡಿಯೇ ಚಾಸಿ. ಬಾಗಿಲಿನ ಕೆಳಗೆ ಉದ್ದಕ್ಕೆ ಪೆಟ್ಟಿಗೆಯ ಹಾಗೆ ಇರುತ್ತದಲ್ಲ, ಸಿಲ್ ಅನ್ನುತ್ತಾರೆ, ಅದೇ ಆ ಕಾರಿನ ಬೆನ್ನುಮೂಳೆ. ಮೇಲೆ ರೂಫ್ ಇಲ್ಲದ ಕಾರು ನೋಡಿ, ಹಿಂದು ಮುಂದು ಎರಡನ್ನೂ ಹಿಡಿದಿರೋದು ಅದೇ. ಮಲೆನಾಡಿನ 14 ಮಳೆಗಾಲ ಕಂಡ ಗೋಡೌನು ಅಂದಿರಿ. ಟಾರ್ಪಾಲು ಹೊದಿಸಿದ್ದು ಒಳ್ಳೇದಾಯ್ತು ಅಂದುಕೊಳ್ಳಬೇಡಿ. ಟಾರ್ಪಾಲಿನ ಒಳಗೆ ತೇವ ಹೊರಗೆ ಹೋಗೋದೇ ಇಲ್ಲ.

ಶನಿವಾರ ಹೀಗೆ ಮಾಡಿ. ಒಂದು ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಸಿಲ್ ಉದ್ದಕ್ಕೂ ಆಡಿಸಿ. ಹಿಡಿಯದ ಕಡೆ ಇರೋದು ಪುಟ್ಟಿ. ಕಾರ್ಪೆಟ್ ಎತ್ತಿ, ಕಾಲಿಡುವ ಜಾಗ ನೋಡಿ. ಸೀಟಿನ ಹಿಂದೆ, ಹಿಂದಿನ ಪಟ್ಟಾ ಸ್ಪ್ರಿಂಗಿನ ಮುಂದಿನ ತುದಿ ಕೂರುವ ಜಾಗವನ್ನು ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ದೊಪ್ ಅನ್ನುತ್ತದೆ. ಕೊನೆಗೆ ಮುಖ್ಯವಾದದ್ದು. ಬಾಗಿಲ ಕೆಳಗೆ ಜಾಕ್ ತೂರಿಸುವ ಜಾಗ ಇದೆ. ಮಾಲೀಕರನ್ನು ಕೇಳಿ, ಅಲ್ಲಿ ಜಾಕ್ ಕೊಟ್ಟು ನಿಧಾನಕ್ಕೆ ಎತ್ತಿ. ಚಕ್ರ ನೆಲ ಬಿಟ್ಟ ಮೇಲೆ ಬಾಗಿಲು ತೆರೆದು ಮುಚ್ಚಿ ನೋಡಿ. ಸಲೀಸಾಗಿ ಮುಚ್ಚಿಕೊಂಡರೆ ಸಿಲ್ ಇನ್ನೂ ಜೀವಂತ. ಬಾಗಿಲು ಬಿಗಿದು ಹಿಡಿದರೆ ಕಾರು ನಡುವೆ ಬಾಗುತ್ತಿದೆ ಅಂತ ಅರ್ಥ. ಬೆಲೆ ಎಷ್ಟೇ ಇಳಿಸಲಿ, ನಮಸ್ಕಾರ ಹೇಳಿ ಬನ್ನಿ. ಹಾಗೇನಾದರೂ ಜಾಕ್ ಸಿಲ್ಲಿನೊಳಗೇ ತೂರಿಕೊಂಡು ಹೋದರೆ ಬಾಗಿಲು ನೋಡುವ ಕೆಲಸವೂ ಉಳಿಯಲ್ಲ. ಜಾಕ್ ಮೇಲಿರುವಾಗ ಕಾರಿನ ಕೆಳಗೆ ಮಾತ್ರ ತಲೆ ಹಾಕಬೇಡಿ.

ಹೆರಾಲ್ಡ್ ಕಥೆಯೇ ಬೇರೆ. 1953ರಲ್ಲಿ ಎಂಜಿ ಕಾರು ಮಾಡುತ್ತಿದ್ದ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯವರು ಫಿಶರ್ ಅಂಡ್ ಲುಡ್ಲೋ ಅನ್ನುವ ಬಾಡಿ ಕಂಪನಿಯನ್ನು ಕೊಂಡುಬಿಟ್ಟರು. ಮುಂದೆ ಹೆರಾಲ್ಡ್ ಮಾಡಿದ ಸ್ಟ್ಯಾಂಡರ್ಡ್ ಟ್ರಯಂಫ್‌ನವರಿಗೆ ಇಡೀ ಬಾಡಿಯನ್ನು ಒಂದೇ ತುಂಡಾಗಿ ಮಾಡಿಕೊಡುವವರು ಕೈತಪ್ಪಿದರು. ಅದಕ್ಕೇ 1959ರ ಹೆರಾಲ್ಡಿಗೆ ಹಳೇ ಕಾಲದ ಹಾಗೆ ಬೇರೆ ಚಾಸಿ ಇಟ್ಟು, ಅದರ ಮೇಲೆ ಬಾಡಿಯನ್ನು ತುಂಡು ತುಂಡಾಗಿ ಬೋಲ್ಟು ಹಾಕಿ ಕೂರಿಸಿದರು. ಅವರಿಗೆ ಅದು ಅನಿವಾರ್ಯ, ನಮಗೆ ವರ. ಬಾನೆಟ್ ಬಿಚ್ಚಬಹುದು. ಹಿಂದಿನ ಭಾಗ ಬಿಚ್ಚಬಹುದು. ರೂಫೂ ಬೋಲ್ಟಿನಲ್ಲೇ ನಿಂತಿರೋದು. ಹಾಗಾಗಿ ಜಯನಗರದ ಕಾರಿನ ರೂಫನ್ನು ಕತ್ತರಿಸಿದ್ದಾರಾ, ಬಿಚ್ಚಿದ್ದಾರಾ ಅಂತ ಮೊದಲು ಕೇಳಿ. ಬಿಚ್ಚಿದ್ದರೆ ಆ ರೂಫ್ ಈಗ ಎಲ್ಲಿದೆ ಅಂತಲೂ ಕೇಳಿ.

ಇನ್ನೊಂದು ವಿಷಯ ನಿಮಗೆ ಹೇಳಲೇಬೇಕು. ಹೆರಾಲ್ಡ್ ಸ್ಪೋರ್ಟ್ಸ್ ಕಾರಲ್ಲ, ನಿಜ. ಆದರೆ 1962ರಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಹುಟ್ಟಿದ್ದು ಇದರಿಂದಲೇ. ಹೆರಾಲ್ಡಿನ ಚಾಸಿಯನ್ನು ಮೋಟು ಮಾಡಿ, ಅದೇ ಮುಂದಿನ ಸಸ್ಪೆನ್ಷನ್ ಹಾಕಿ ಮಾಡಿದ್ದು. ಎರಡನ್ನೂ ಗೆರೆ ಎಳೆದವರು ಒಬ್ಬರೇ, ಇಟಲಿಯ ಜೊವಾನಿ ಮಿಕೆಲೊಟ್ಟಿ. ಇಡೀ ಬಾನೆಟ್ ಮುಂದಕ್ಕೆ ಬಾಗುತ್ತದೆ. ಮುಂದಿನ ಟೈರಿನ ಮೇಲೆ ಕೂತು ಟ್ಯೂನಿಂಗ್ ಮಾಡಬಹುದು. ಬೆಳಗ್ಗೆ ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಹಾಗೆ ಕೂರೋದು ನನಗೆ ಇವತ್ತಿಗೂ ಸುಖ.

ಕಲಿಯುವವರಿಗೆ ಯಾವುದು ಸುಲಭ ಅನ್ನೋದಕ್ಕೆ ಒಂದೇ ಉದಾಹರಣೆ. ಮಿಡ್ಜೆಟ್ಟಿನ ಕ್ಲಚ್ ಪ್ಲೇಟು ಬದಲಿಸಬೇಕಾದರೆ ಇಂಜಿನ್, ಗೇರ್ ಬಾಕ್ಸ್ ಎರಡನ್ನೂ ಒಟ್ಟಿಗೆ ಮೇಲೆತ್ತಿ ತೆಗೆಯಬೇಕು. ಚೈನ್ ಪುಲ್ಲಿ ಬೇಕು, ಇಬ್ಬರು ಬೇಕು. ಹೆರಾಲ್ಡಿನಲ್ಲಿ ಸೀಟು ತೆಗೆದು, ನಡುವಿನ ಮುಚ್ಚಳ ಬಿಚ್ಚಿ, ಗೇರ್ ಬಾಕ್ಸನ್ನು ಕಾರಿನ ಒಳಗಿಂದಲೇ ಈಚೆಗೆ ಎಳೆಯಬಹುದು. ನಾನೊಬ್ಬನೇ ಎರಡು ಸಲ ಮಾಡಿದ್ದೇನೆ.

ಈಗ ಹೆರಾಲ್ಡ್ ತಗೊಂಡರೆ ಮರೆಯಬಾರದ ವಿಷಯ. ಮುಂದಿನ ಚಕ್ರ ಎಡಬಲಕ್ಕೆ ತಿರುಗುವುದು ಟ್ರನಿಯನ್ ಅನ್ನುವ ಒಂದು ಕಂಚಿನ ತುಂಡಿನ ಮೇಲೆ. ಅದರೊಳಗೆ ನಟ್ಟಿನೊಳಗೆ ಇರುವ ಹಾಗೆ ಮರೆ (ಥ್ರೆಡ್) ಇದೆ. ಉಕ್ಕಿನ ಕಂಬ ಆ ಮರೆಯಲ್ಲಿ ತಿರುಗುತ್ತದೆ. ಅದಕ್ಕೆ ಗ್ರೀಸ್ ಹಾಕಬಾರದು. ಇಪಿ 90 ಗೇರ್ ಆಯಿಲ್ ಹಾಕಬೇಕು. ಗ್ರೀಸು ಮರೆಯೊಳಗೆ ಕೆಳಗಿನ ತನಕ ಇಳಿಯುವುದಿಲ್ಲ, ಕಾಲಾಂತರದಲ್ಲಿ ಗಟ್ಟಿಯಾಗಿ ದಾರಿಯನ್ನೇ ಮುಚ್ಚುತ್ತದೆ. ಕೆಳಗೆ ನೀರು ನಿಂತು ಉಕ್ಕು ತುಕ್ಕು ಹಿಡಿಯುತ್ತದೆ. ಒಂದು ದಿನ ಕಂಬ ಮುರಿಯುತ್ತದೆ.

ನನ್ನ ಕಾರಿನಲ್ಲಿ ಮುರಿಯಿತು. 1997. ಸರ್ವಿಸಿಗೆ ಬಿಟ್ಟಿದ್ದ ಗ್ಯಾರೇಜಿನವರು ಎಲ್ಲ ನಿಪ್ಪಲ್ಲಿಗೂ ಗ್ರೀಸ್ ಗನ್ ಹಚ್ಚಿದ್ದರು. ನನಗೂ ಆಗ ಗೊತ್ತಿರಲಿಲ್ಲ. ತುಮಕೂರಿನಿಂದ ಬರುತ್ತಾ ನೆಲಮಂಗಲದ ಹತ್ತಿರ ಪೆಟ್ರೋಲ್ ಬಂಕಿಗೆ ತಿರುಗಿಸಿದೆ. ಟಕ್ ಅಂತ ಶಬ್ದ. ಎಡಗಡೆ ಚಕ್ರ ಮಡಚಿಕೊಂಡು ಒಳಗೆ ಹೋಯಿತು, ಮೂತಿ ನೆಲಕ್ಕೆ ತಾಗಿತು. ಹಿಂದಿನ ಸೀಟಿನಲ್ಲಿ ನನ್ನ ತಾಯಿ ಮತ್ತು ಆರು ವರ್ಷದ ಮಗಳು. ಹತ್ತು ನಿಮಿಷ ಮೊದಲು ಹೆದ್ದಾರಿಯಲ್ಲಿ 70ರಲ್ಲಿ ಬರುತ್ತಿದ್ದೆವು. ಆ ರಾತ್ರಿ ನಿದ್ದೆ ಬರಲಿಲ್ಲ. ಅವತ್ತಿನಿಂದ ಆ ಕೆಲಸ ಯಾರ ಕೈಗೂ ಕೊಟ್ಟಿಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ, ನಾನೇ ಕೂತು ಆಯಿಲ್ ಒತ್ತುತ್ತೇನೆ, ಮೇಲಿನ ಸೀಲಿನಿಂದ ಹೊಸ ಆಯಿಲ್ ಜಿನುಗುವ ತನಕ.

ತಿರುವಿನಲ್ಲೂ ಒಂದು ಎಚ್ಚರ ಬೇಕು. ಹೆರಾಲ್ಡಿನ ಹಿಂದಿನ ಚಕ್ರಗಳು ಅವುಗಳ ನಡುವಿನ ಗೇರ್ ಪೆಟ್ಟಿಗೆ, ಅಂದರೆ ಡಿಫರೆನ್ಷಿಯಲ್ ಪಕ್ಕದಿಂದ ರೆಕ್ಕೆಯ ಹಾಗೆ ಆಡುತ್ತವೆ. ನಂದಿ ಬೆಟ್ಟ ಇಳಿಯುವಾಗ ತಿರುವಿನ ನಡುವೆ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಹಿಂಬದಿ ಮೇಲೆದ್ದು ಚಕ್ರ ಒಳಕ್ಕೆ ಮಡಚುತ್ತದೆ, ಹಿಂಭಾಗ ಜಾರುತ್ತದೆ. ತಿರುವಿಗೆ ಮುಂಚೆಯೇ ನಿಧಾನ ಮಾಡಿ, ತಿರುವಿನಲ್ಲಿ ಕಾಲು ಸ್ವಲ್ಪ ಒತ್ತಿಯೇ ಇಟ್ಟು ದಾಟಿ.

ಬಿಸಿಯ ವಿಷಯ. ಟ್ರಾಫಿಕ್ಕಿನಲ್ಲಿ ಬಿಸಿಯಾಗುತ್ತೆ ಅಂದ ಕೂಡಲೇ ನಮ್ಮ ಮೆಕ್ಯಾನಿಕ್ಕುಗಳು ಥರ್ಮೋಸ್ಟಾಟ್ ಕಿತ್ತು ಬಿಸಾಕುತ್ತಾರೆ. ಬಿಡಬೇಡಿ. ಇಂಜಿನ್ ಹದವಾದ ಬಿಸಿಗೆ ಬರದೆ ಓಡಿದರೆ ಬೋರ್ ಸವೆಯುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಬಿಸಿಗೆ ಕಾರಣ ಸಾಮಾನ್ಯವಾಗಿ ಬ್ಲಾಕಿನೊಳಗೆ ಕೂತ ಕೆಸರು, ಇಲ್ಲವೇ ಕಟ್ಟಿಕೊಂಡ ರೇಡಿಯೇಟರ್. ಬ್ಲಾಕ್ ತೊಳೆಸಿ, ರೇಡಿಯೇಟರಿಗೆ ಹೊಸ ಕೋರ್ ಹಾಕಿಸಿ. ಇಂಜಿನಿಗೆ 20ಡಬ್ಲ್ಯೂ-50 ಮಿನರಲ್ ಆಯಿಲ್. ಮೂರು ಸಾವಿರ ಕಿಲೋಮೀಟರಿಗೆ ಬದಲಿಸಿ, ಓಡದಿದ್ದರೂ ವರ್ಷಕ್ಕೊಮ್ಮೆ ಬದಲಿಸಿ.

ನನಗೆ ವರ್ಷಕ್ಕೆ ಸುಮಾರು 25 ಸಾವಿರ ಖರ್ಚಾಗುತ್ತದೆ, ನನ್ನ ಕೈಕೆಲಸ ಬಿಟ್ಟು. ಗ್ಯಾರೇಜಿಗೇ ಕೊಡುವುದಾದರೆ ಇದರ ಎರಡರಷ್ಟಾದರೂ ಎತ್ತಿಡಿ.

ಸಂಪಿಗೆ ಮರ (ಮಲ್ಲೇಶ್ವರ):

ಟೂಲ್‌ರೂಮ್ ಸರ್ ತಗಡಿನ ಬಗ್ಗೆ ಹೇಳಿದರು, ನಾನು ಕಾಗದದ ಬಗ್ಗೆ ಹೇಳುತ್ತೇನೆ. ನಮ್ಮ ಮಾವನವರ ಮಾರಿಸ್ ಮೈನರ್ ನನ್ನ ಹೆಸರಿಗೆ ಬರಲು ಹದಿನಾಲ್ಕು ತಿಂಗಳು ಹಿಡಿಯಿತು.

ತೋಟದ ಯಜಮಾನರು ತೀರಿಕೊಂಡಿದ್ದಾರೆ ಅಂದಿರಿ. ಹಾಗಾದರೆ ಮಗನಿಂದ ನೇರ ನಿಮಗೆ ಮಾರಲು ಬರಲ್ಲ. ಮೊದಲು ಫಾರಂ 31 ಕೊಟ್ಟು ಆರ್‌ಸಿ ಮಗನ ಹೆಸರಿಗೆ ಆಗಬೇಕು. ಆಮೇಲೆ ಫಾರಂ 29 ಮತ್ತು 30ರಲ್ಲಿ ನಿಮಗೆ. ಅಕ್ಕತಂಗಿಯರು ಇದ್ದರೆ ಅವರ ಒಪ್ಪಿಗೆಯೂ ಬರಹದಲ್ಲಿ ಇರಲಿ. "ಎಲ್ಲಾ ಮಾಡಿಕೊಡ್ತೀವಿ ಬನ್ನಿ" ಅನ್ನುವ ಮಾತಿಗೆ ಅಡ್ವಾನ್ಸ್ ಕೊಡಬೇಡಿ. ನಾವು ಕೊಟ್ಟು, ಆಮೇಲೆ ಬಹಳ ಓಡಾಡಿದೆವು.

ಚಾಸಿ ನಂಬರ್ ಫೋಟೋ ತೆಗೆಯಿರಿ. 1968ರ 1275 ಮಿಡ್ಜೆಟ್ ಆದರೆ ಅದು ಜಿ-ಎಎನ್4 ಅಂತ ಶುರುವಾಗಬೇಕು. ಪ್ಲೇಟಿನಲ್ಲಿ ಒಂದು, ಆರ್‌ಸಿಯಲ್ಲಿ ಇನ್ನೊಂದು ಇದ್ದರೆ ಮುಂದೆ ಹೋಗಬೇಡಿ. ಇಂಗ್ಲೆಂಡಿನ ಗೇಡನ್ ಊರಿನಲ್ಲಿ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಇದೆ. ಅಲ್ಲಿ ಎಂಜಿ ಕಾರ್ಖಾನೆಯ ದಾಖಲೆಗಳಿವೆ. ಹಣ ಕಟ್ಟಿದರೆ ಆ ಕಾರು ಯಾವತ್ತು ತಯಾರಾಯಿತು, ಯಾವ ಬಣ್ಣ, ಯಾವ ದೇಶಕ್ಕೆ ಹೋಯಿತು ಅಂತ ಸರ್ಟಿಫಿಕೇಟ್ ಕಳಿಸುತ್ತಾರೆ.

ಇನ್ನು ವಿಂಟೇಜ್ ನಂಬರ್. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗೆ ವಿಎ ಸರಣಿಯಲ್ಲಿ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ 20 ಸಾವಿರ, 10 ವರ್ಷಕ್ಕೆ. ಕೇಳಲು ಚೆನ್ನಾಗಿದೆ, ಆದರೆ ಅದರಲ್ಲಿ ದಿನದ ಓಡಾಟಕ್ಕೆ ಅವಕಾಶವಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ, ಇಂಥವಕ್ಕೆ ಮಾತ್ರ. ನಿಮಗೆ ಭಾನುವಾರ ಹೆಂಡತಿ ಜೊತೆ ತಿಂಡಿಗೆ ಹೋಗಬೇಕು ಅಂತಿದ್ದರೆ ಮಾಮೂಲಿ ಆರ್‌ಸಿಯನ್ನೇ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಫಿಟ್ನೆಸ್ ಸರ್ಟಿಫಿಕೇಟ್) ಮಾಡಿಸಿ ನವೀಕರಿಸಿಕೊಳ್ಳಿ. ನಾನು ಹಾಗೇ ಮಾಡಿದೆ.

ಹೆರಾಲ್ಡಿನ ಬಟ್ಟೆ ಟಾಪ್ ಆರ್‌ಸಿಯಲ್ಲಿ ನಮೂದಾಗಿರುವ ಸಾಧ್ಯತೆ ಕಡಿಮೆ. ಎಫ್‌ಸಿಯಲ್ಲಿ ಅದೇ ತಗಾದೆ ಆಗುತ್ತದೆ. ರೂಫ್ ಸಿಕ್ಕರೆ ಮೊದಲು ವಾಪಸ್ ಹಾಕಿಸಿ.

ಜೆಸಿ ರೋಡ್:

ಸ್ಪೇರ್ ಅಂಗಡಿಯಲ್ಲಿ ಕೆಲಸ ಮಾಡೋನು ನಾನು. ನಾಲ್ಕೇ ಮಾತು.

ಟೈರ್ ಚಿಂತೆ ಬೇಡ. ಮಿಡ್ಜೆಟ್ಟಿಗೆ 145/80 ಆರ್13 ಸರಿಹೋಗುತ್ತೆ, ಆಲ್ಟೊ ಕೆ10ಗೆ ಬರೋ ಸೈಜೇ ಅದು.

ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ತನಕ ಎಥೆನಾಲ್ ಇದೆ. ಹಳೇ ರಬ್ಬರ್ ಪೈಪು ಮೆತ್ತಗಾಗಿ ಸೀಳುತ್ತೆ. ಅದು ಇರೋದು ಬಿಸಿ ಮ್ಯಾನಿಫೋಲ್ಡ್ ಹತ್ತಿರ, ಬೆಂಕಿ ಹತ್ತುತ್ತೆ. ಯಾವ ಕಾರು ತಗೊಂಡರೂ ಮೊದಲ ದಿನವೇ ಟ್ಯಾಂಕಿನಿಂದ ಕಾರ್ಬೊರೇಟರ್ ತನಕ ಎಥೆನಾಲ್ ತಡೆಯೋ ಪೈಪ್ ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸೋದಾದರೆ ಟ್ಯಾಂಕ್ ಖಾಲಿ ಮಾಡಿ ಇಡಿ.

ಅರ್ಧ ಇಂಚಿನ ಬೋಲ್ಟಿಗೆ 13ರ ಸ್ಪ್ಯಾನರ್ ಹಾಕಬೇಡಿ ಸರ್, ಮೂಲೆ ಹೋಗುತ್ತೆ. ಇಂಚಿನ ಸೆಟ್ ಒಂದು ತಗೊಳ್ಳಿ. ಎಸ್‌ಜೆಪಿ ರೋಡಿನಲ್ಲಿ ಹುಡುಕಿದರೆ ಸಿಗುತ್ತೆ.

ಮಿಡ್ಜೆಟ್ ಬಾಡಿ ಪ್ಯಾನಲ್ ಇಲ್ಲಿ ಯಾರ ಹತ್ತಿರವೂ ನಾನು ನೋಡಿಲ್ಲ. ಇಂಗ್ಲೆಂಡಿನಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್‌ನವರು ಈಗಲೂ ಹೊಸದಾಗಿ ಒತ್ತುತ್ತಾರೆ. ತರಿಸಬಹುದು, ಆದರೆ ಸಾಗಣೆ ಮತ್ತು ಸುಂಕ ಸೇರಿದರೆ ನಿಮ್ಮ 8 ಲಕ್ಷದ ಲೆಕ್ಕ ನಿಲ್ಲಲ್ಲ.

ಎರಡು ಬಾಗಿಲು (ರಾಜಾಜಿನಗರ):

ಚಿಕ್ಕಮಗಳೂರಿಗೆ ಹೋಗಿ ಬಂದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಟಾರ್ಪಾಲು ತೆಗೆದಾಗ ಎದೆ ಹೊಡೆದುಕೊಂಡಿತು. ಅಷ್ಟು ಚೆಂದ ಇತ್ತು. ಸ್ಟೀರಿಂಗ್ ಹಿಡಿದು ಕೂತೆ, ಏಳೋಕೆ ಮನಸ್ಸು ಬರಲಿಲ್ಲ. ಆಮೇಲೆ ಅಯಸ್ಕಾಂತ ಆಡಿಸಿದೆ. ಬಲಗಡೆ ಸಿಲ್ಲಿನಲ್ಲಿ ಒಂದೂವರೆ ಅಡಿ ಎಲ್ಲೂ ಹಿಡಿಯಲಿಲ್ಲ. ಕಾರ್ಪೆಟ್ ಎತ್ತಿದರೆ ಡ್ರೈವರ್ ಕಾಲಿನ ಜಾಗದಲ್ಲಿ ಗೋಡೌನಿನ ಸಿಮೆಂಟ್ ನೆಲ ಕಾಣಿಸಿತು. ಜಾಕ್ ಎಡಗಡೆ ಕೊಟ್ಟೆವು. ಚಕ್ರ ಏಳುವ ಮುಂಚೆಯೇ ಬಾಗಿಲು ಬಿಗಿಯಿತು. ಮಗ ಒಳ್ಳೆಯವರು. ಅವರೇ ನೋಡಿ, "ಇದು ಇಷ್ಟು ಹೋಗಿದೆ ಅಂತ ನಮಗೂ ಗೊತ್ತಿರಲಿಲ್ಲ" ಅಂದರು. ನಾಲ್ಕಕ್ಕೆ ಇಳಿದರು. ಟೂಲ್‌ರೂಮ್ ಸರ್ ಹೇಳಿದ್ದು ನೆನಪಿತ್ತು. ಊಟ ಮಾಡಿಸಿ ಕಳಿಸಿದರು, ಬಂದೆ. ದಾರಿಯುದ್ದಕ್ಕೂ ಬೇಜಾರು.

ನಿನ್ನೆ ಸಂಜೆ ಜಯನಗರಕ್ಕೆ ಹೋಗಿದ್ದೆ. ರೂಫ್ ಕತ್ತರಿಸಿಲ್ಲ, ಬಿಚ್ಚಿದ್ದಾರೆ! ಅವರ ಮನೆ ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಪಕ್ಕ ಗೋಡೆಗೆ ಒರಗಿಸಿದ್ದಾರೆ. ಮೇಲೆ ಹಳೇ ಬಣ್ಣ ಹಾಗೇ ಇದೆ, ತೆಳು ಹಸಿರು. ಆರ್‌ಸಿ ಮಾಲೀಕರ ಹೆಸರಿನಲ್ಲೇ ಇದೆ, ಚಾಸಿ ನಂಬರ್ ಹೊಂದುತ್ತೆ. ಡಿಕ್ಕಿ ಕೆಳಗೆ ಚಾಸಿಯ ಹಿಂದಿನ ತುದಿಯಲ್ಲಿ ತುಕ್ಕು ಇದೆ, ಎಷ್ಟು ಆಳ ಅಂತ ನನಗೆ ತಿಳಿಯಲಿಲ್ಲ. ಬಾನೆಟ್ ಮುಂದಕ್ಕೆ ಬಾಗಿಸಿ ತೋರಿಸಿದರು. ಟೈರ್ ಮೇಲೆ ಕೂತು ನೋಡಿದೆ ಸರ್.

ಟ್ರನಿಯನ್ನಿಗೆ ಏನು ಹಾಕುತ್ತೀರಿ ಅಂತ ಕೇಳಿದೆ. ಗ್ರೀಸ್ ಅಂದರು.

ಟೂಲ್‌ರೂಮ್ (ಜಾಲಹಳ್ಳಿ):

ಅಡ್ವಾನ್ಸ್ ಕೊಡುವ ಮುಂಚೆ ನಾನೊಂದು ಸಲ ನೋಡುತ್ತೇನೆ. ಚಾಸಿ ತುದಿಯ ತುಕ್ಕು ತಟ್ಟಿ ನೋಡಿದರೆ ಗೊತ್ತಾಗುತ್ತದೆ. ಅಲ್ಲಿ ಹೊಸ ತುಂಡು ಬೆಸೆಯೋದು ದೊಡ್ಡ ಕೆಲಸವಲ್ಲ. ಆದರೆ ನಡುವಿನ ಎರಡು ಉದ್ದ ಹಳಿ ಗಟ್ಟಿ ಇರಬೇಕು. ಅದನ್ನು ನೋಡದೆ ಹೂಂ ಅನ್ನಬೇಡಿ.

ಈಗಿನ ಮಾಲೀಕರಿಗೆ ಹೇಳಿ, ಅಲ್ಲಿಯ ತನಕ ಕಾರನ್ನು ರಸ್ತೆಗೆ ಇಳಿಸೋದು ಬೇಡ. ನಾವು ಹೋದಾಗ ಮುಂದಿನ ಎರಡೂ ಕಂಬ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು ಮರೆ ನೋಡೋಣ. ತುಕ್ಕಿನ ಗುಳಿ ಕಂಡರೆ ಹೊಸದೇ ಹಾಕಬೇಕು, ಅದನ್ನು ಬೆಲೆಯಲ್ಲಿ ಕಳೆಯಲು ಕೇಳಿ. ಕೊಳ್ಳದಿದ್ದರೂ ಆ ಕೆಲಸ ಮಾಡಿಕೊಟ್ಟೇ ಬರೋಣ, ಅವರ ಮನೆಯವರೂ ಆ ಕಾರಿನಲ್ಲಿ ಕೂರುತ್ತಾರಲ್ವಾ.

ಭಾನುವಾರ ಬೆಳಗ್ಗೆ 7ಕ್ಕೆ ಹೊರಡುತ್ತೇನೆ. ಇಪಿ 90, ಆಯಿಲ್ ಗನ್, ಇಂಚಿನ ಸ್ಪ್ಯಾನರ್ ಎಲ್ಲ ನನ್ನ ಹತ್ತಿರವೇ ಇದೆ. ನೀವು ಹಳೇ ಬಟ್ಟೆ ಹಾಕಿಕೊಂಡು ಬನ್ನಿ. ರೂಫ್ ಇಳಿಸೋದಕ್ಕೆ ನಾಲ್ಕು ಜನ ಬೇಕಾಗುತ್ತದೆ, ಇಬ್ಬರು ಗೆಳೆಯರಿಗೆ ಹೇಳಿಡಿ.